ಹದಿನೆಂಟನೆಯ ಸಾಲು

ನಮ್ಮ ಅತ್ತಿಗೆಯ ವಿಷಯ ಹೇಳಬೇಕೆಂದರೆ ಅವರ ಫ್ರಿಜ್ಜಿನಿಂದಲೇ ಶುರು ಮಾಡಬೇಕು. ಚಳಿಗಾಲ ಬಂತೆಂದರೆ ಅದರ ತರಕಾರಿ ಡಬ್ಬಿಯಲ್ಲಿ ತರಕಾರಿ ಇರುತ್ತಿರಲಿಲ್ಲ; ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಕಡ್ಡಿಗಳ ಕಟ್ಟು ಇರುತ್ತಿತ್ತು. ಪೆನ್ಸಿಲ್ ದಪ್ಪದ, ಕಂದು ಬಣ್ಣದ, ಒಂದು ಎಲೆಯೂ ಇಲ್ಲದ ಬೋಳು ಕಡ್ಡಿಗಳು. ನಮ್ಮಣ್ಣ, ಪಾಪ, ಟೊಮೆಟೊ ಕ್ಯಾರೆಟ್ಟುಗಳನ್ನೆಲ್ಲ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಜೋಡಿಸಿಕೊಂಡು ಮೂರು ತಿಂಗಳು ತಳ್ಳುತ್ತಿದ್ದ. "ಏನತ್ತಿಗೆ, ಸೌದೇನೂ ಫ್ರಿಜ್ಜಲ್ಲಿ ಇಡ್ತಾರಾ? ಹಳಸಿಹೋಗುತ್ತಾ?" ಎಂದು ನಾನು ಪ್ರತಿ ವರ್ಷ ಕೇಳುತ್ತಿದ್ದೆ. "ನಿನ್ನ ತಲೇನ ಇಟ್ಟಿಲ್ವಲ್ಲ, ಸುಮ್ನಿರು" ಎಂದು ಅವರು ಪ್ರತಿ ವರ್ಷ ಹೇಳುತ್ತಿದ್ದರು. ಆ ಕಡ್ಡಿ ಯಾವುದು, ಯಾವುದಕ್ಕೆ ಎಂದು ನಾನು ಒಂದು ಸಲವೂ ನೆಟ್ಟಗೆ ಕೇಳಲಿಲ್ಲ. ಮಾತಾಡುವುದರಲ್ಲಿ ನಾನು ಎಷ್ಟು ಜೋರೋ ಕೇಳುವುದರಲ್ಲಿ ಅಷ್ಟೇ ಸೋಮಾರಿ.

ಅತ್ತಿಗೆ ಎಂದರೆ ನನ್ನ ದೊಡ್ಡಣ್ಣನ ಹೆಂಡತಿ. ಊರಂಚಿನ ಇಳಿಜಾರಿನಲ್ಲಿರುವ ದ್ರಾಕ್ಷಿ ತೋಟದಲ್ಲಿ ಮೂವತ್ತೈದು ವರ್ಷ ಬಳ್ಳಿ ನೋಡಿಕೊಂಡವರು. ಬಳ್ಳಿ ಸವರುವುದು, ಕಸಿ ಕಟ್ಟುವುದು, ಕೊಯ್ಲಿಗೆ ದಿನ ಗೊತ್ತು ಮಾಡುವುದು, ಎಲ್ಲ ಅವರದೇ. ಅದೇ ತೋಟದ ಬುಡದಲ್ಲಿರುವ ನೆಲಮಾಳಿಗೆ ನನ್ನದು. ಅವರು ಕೊಯ್ದು ಕಳಿಸಿದ್ದನ್ನು ಹಿಂಡಿ ವೈನು ಮಾಡುವ ಕೆಲಸ. ನಾನು ಅತ್ತಿಗೆ ಅತ್ತಿಗೆ ಎಂದು ಕರೆದೂ ಕರೆದೂ, ಕೂಲಿಯವರಿಂದ ಹಿಡಿದು ಲಾರಿ ಡ್ರೈವರವರೆಗೆ, ಕೊನೆಗೆ ಅವರಿಗಿಂತ ಹತ್ತು ವರ್ಷಕ್ಕೆ ದೊಡ್ಡವರಾದ ತೋಟದ ಯಜಮಾನಿಯೂ ಅತ್ತಿಗೆ ಎಂದೇ ಕರೆಯತೊಡಗಿದರು. "ಕಟ್ಕೊಂಡಿದ್ದು ಒಬ್ಬನ್ನ, ಮೈದುನರು ಮಾತ್ರ ಇನ್ನೂರು ಜನ" ಎಂದು ಅಣ್ಣ ನಗುತ್ತಾನೆ. ಅಣ್ಣ ದರ್ಜಿ. ಮನೆಯ ಬೀದಿ ಕಡೆಯ ಕೋಣೆಯೇ ಅವನ ಅಂಗಡಿ, ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ.

ಅತ್ತಿಗೆ ಗಿಡ್ಡ ಆಳು. ಏಪ್ರನ್ನಿನ ಜೇಬಿನಲ್ಲಿ ದಾರ ಕಟ್ಟಿದ ಕಸಿ ಚಾಕು, ಕನ್ನಡಕ ಜಾರದಂತೆ ಹಿಂದೆ ಅಣ್ಣ ಹೊಲಿದುಕೊಟ್ಟ ಎಲಾಸ್ಟಿಕ್ಕು. ನನ್ನನ್ನು ಅವರು ಹೆಸರು ಹಿಡಿದು ಕರೆಯುವುದಿಲ್ಲ, 'ಸಕ್ಕರೆ' ಎನ್ನುತ್ತಾರೆ. ನಾನು ಚಹಾಕ್ಕೆ ಮೂರು ಚಮಚ ಹಾಕಿಕೊಳ್ಳುತ್ತೇನಲ್ಲ, ಅದಕ್ಕೆ ಎಂದುಕೊಂಡಿದ್ದೆ.

ಮಧ್ಯಾಹ್ನದ ಬಿಡುವಿನಲ್ಲಿ ಕೂಲಿಯವರು ಅತ್ತಿಗೆಯ ಕಣ್ಣಿಗೆ ಟವೆಲ್ ಕಟ್ಟಿ ಕೈಗೊಂದು ಎಲೆ ಕೊಡುತ್ತಿದ್ದರು. ಅವರು ಹೆಬ್ಬೆರಳಿನಿಂದ ಎಲೆಯ ಅಂಚನ್ನು ಒಂದು ಸುತ್ತು ಸವರಿ, ಹಿಂಬದಿಯ ನವಿರನ್ನು ಮುಟ್ಟಿ, ಯಾವ ಜಾತಿ, ಯಾವ ತಾಕು ಎಂದು ಹೇಳಿಬಿಡುವರು. ಒಂದು ದಿನ ಯಾರೋ ತುಂಟರು ಸೌತೆಬಳ್ಳಿಯ ಎಲೆ ಕೊಟ್ಟರು. "ಇದನ್ನ ಕಿತ್ತೋನು ಯಾರೋ, ಸೌತೆಕಾಯಿ ಕದ್ದಿದ್ರೆ ನಂಗೂ ಅರ್ಧ ಕೊಡ್ಲಿ" ಎಂದರು. ಮೂವತ್ತೈದು ವರ್ಷದಲ್ಲಿ ಅವರ ಹೆಬ್ಬೆರಳು ತಪ್ಪಿದ್ದನ್ನು ಯಾರೂ ನೋಡಿಲ್ಲ. ಈ ಮಾತು ನೆನಪಿರಲಿ. ನನಗೆ ನೆನಪಿರಲಿಲ್ಲ, ಅದೇ ಬಂದದ್ದು ಗ್ರಹಚಾರ.

ನಮ್ಮ ತೋಟದ ಮುಖ್ಯ ಬೆಳೆ ಬಿಳಿ ದ್ರಾಕ್ಷಿ. ಪೂರ್ತಿ ಹೆಸರು ಸೊವಿನ್ಯೋ ಬ್ಲಾಂಕ್. ನಾಲಿಗೆ ಹೊರಳದವರು 'ಹುಳಿಬಿಳಿ' ಎನ್ನುತ್ತಾರೆ, ಅದೇ ಸರಿಯಾದ ಹೆಸರು. ಸಣ್ಣ ಗೊಂಚಲು, ಒತ್ತೊತ್ತಾಗಿ ಹಸಿರು ಕಾಯಿ, ನಿರಿಗೆ ನಿರಿಗೆಯಾದ ಎಲೆಯಂಚು. ಬಾಯಿಗೆ ಹಾಕಿದರೆ ಹಲ್ಲು ಚುಳ್ಳೆನ್ನುತ್ತದೆ. ಇಂಥ ಹಣ್ಣಿನ ವೈನು ಕುಡಿದರೆ ಆಗ ತಾನೇ ಕೊಯ್ದ ಹುಲ್ಲು, ದೊಣ್ಣೆಮೆಣಸಿನಕಾಯಿ, ನಿಂಬೆಸಿಪ್ಪೆ, ಸೀಬೆಕಾಯಿ ಎಂದೆಲ್ಲ ವಾಸನೆ ಬರುತ್ತದೆಂದು ತಿಳಿದವರು ಬರೆಯುತ್ತಾರೆ. ಅಣ್ಣ ಒಮ್ಮೆ ಮೂಸಿ ನೋಡಿ, "ನಮ್ಮ ಅಂಗಡಿ ಮೂಲೇಲಿ ಬೆಕ್ಕು ಮಾಡಿಟ್ಟು ಹೋಗುತ್ತಲ್ಲ, ಅದೇ" ಎಂದ. ನಾನು ಸಿಟ್ಟಾದೆ. ಅತ್ತಿಗೆ ಮಾತ್ರ, "ಸರಿಯಾಗೇ ಹೇಳಿದ್ರು, ಚೂರು ಆ ವಾಸನೇನೂ ಇರಬೇಕು" ಎಂದು ಗಂಡನ ಬೆನ್ನು ತಟ್ಟಿದರು.

ವರ್ಷಕ್ಕೊಮ್ಮೆ ಯಜಮಾನಿ ಬೇರೆ ಬೇರೆ ದೇಶಗಳಲ್ಲಿ ಇದೇ ಹಣ್ಣಿನಿಂದ ಮಾಡಿದ ವೈನು ತರಿಸಿ, ಉದ್ದ ಮೇಜಿನ ಮೇಲೆ ಇಡಿಸುತ್ತಾರೆ. ಅತ್ತಿಗೆ ಒಂದೊಂದರಲ್ಲೂ ಒಂದೇ ಗುಟುಕು ತೆಗೆದುಕೊಂಡು ಬಕೆಟ್ಟಿಗೆ ಉಗುಳಿ, ಸಂಬಂಧಿಕರ ಸುದ್ದಿ ಹೇಳುವಂತೆ ಹೇಳುವರು. ಫ್ರಾನ್ಸಿನ ಲುವಾರ್ ನದಿಯ ದಂಡೆಯದಕ್ಕೆ, "ಇವಳು ತವರಲ್ಲೇ ಉಳಿದೋಳು. ಮಾತು ಕಮ್ಮಿ. ಚಕಮಕಿ ಕಲ್ಲು ಉಜ್ಜಿದ ವಾಸನೆ, ಹಿಂದೇನೇ ನಿಂಬೆ." ಅದೇ ದೇಶದ ಬೋರ್ಡೊದಲ್ಲಿ ಇದನ್ನು ಇನ್ನೊಂದು ಬಿಳಿ ದ್ರಾಕ್ಷಿಯ ಜೊತೆ ಬೆರೆಸುತ್ತಾರೆ, ಅದಕ್ಕೆ, "ಕೂಡುಕುಟುಂಬ ಸೇರಿದೋಳು, ಹೊಂದ್ಕೊಂಡು ಹೋಗೋದು ಕಲಿತಿದಾಳೆ." ನ್ಯೂಜಿಲೆಂಡಿನ ಮಾರ್ಲ್‌ಬರೊದ್ದು ಬಂದರೆ, "ಅಬ್ಬಬ್ಬಾ! ಇವಳು ಇನ್ನೂ ಗೇಟಿನ ಹತ್ರ ಇರೋವಾಗ್ಲೇ ಗಂಟಲು ಕೇಳುತ್ತೆ." ಚಿಲಿಯ, ದಕ್ಷಿಣ ಆಫ್ರಿಕದ ಕಡಲ ಕಡೆಯವಕ್ಕೆ, "ಸಮುದ್ರದ ಗಾಳಿ ಕುಡಿದು ಬೆಳೆದೋರು, ನಾಲಿಗೆ ತುದೀಲಿ ಒಂಚೂರು ಉಪ್ಪು." ಎಲ್ಲ ಒಂದೇ ಮನೆಯ ಹೆಣ್ಣುಮಕ್ಕಳು, ಬೇರೆ ಬೇರೆ ಊರಿಗೆ ಕೊಟ್ಟಿದಾರೆ ಅಷ್ಟೇ ಎನ್ನುವುದು ಅವರ ಲೆಕ್ಕ. "ಯಾವ ಊರಾದ್ರೂ ಇವರಿಗೆ ಬೇಕಾಗಿದ್ದು ಹಗಲು ಬಿಸಿಲು, ರಾತ್ರಿ ಚಳಿ. ರಾತ್ರೀನೂ ಸೆಕೆ ಆಯ್ತೋ, ಹುಳಿ ಓಡಿಹೋಗುತ್ತೆ. ಹುಳಿ ಹೋದ ಮೇಲೆ ಏನಿದೆ, ಬರೀ ಸಕ್ಕರೆ ನೀರು" ಎಂದು ಮುಗಿಸಿ ನನ್ನ ಕಡೆ ನೋಡುವರು. ನಾನು ಬೇರೆಲ್ಲೋ ನೋಡುವೆ.

ಏಕೆ ಬೇರೆಲ್ಲೋ ನೋಡುತ್ತಿದ್ದೆ ಎಂಬುದನ್ನು ಹೇಳಿಬಿಡುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಇಪ್ಪತ್ತು ವರ್ಷದ ಹಿಂದೆ ಮೇಲಿನ ದಿಣ್ಣೆ ಬರಿಯ ಕಲ್ಲು ನೆಲ. ಅಲ್ಲಿ ಹುಳಿಬಿಳಿ ಹಾಕಬೇಕೆಂದು ತೀರ್ಮಾನವಾಯಿತು. ಪಂಪಿನ ಶೆಡ್ಡಿನ ಹಿಂದೆ ಯಜಮಾನಿಯ ಅಪ್ಪನ ಕಾಲದ ಹಳೆಯ ಬಳ್ಳಿಗಳಿದ್ದವು. ಅವುಗಳಲ್ಲಿ ಎರಡು ಜಾತಿ ಬೆರಕೆಯಾಗಿತ್ತು: ಒಂದು ನಿಜವಾದ ಹುಳಿಬಿಳಿ, ಇನ್ನೊಂದು ನೋಡಲು ಅದರ ಅವಳಿಯಂತಿರುವ ಬೇರೆ ದ್ರಾಕ್ಷಿ. ಅತ್ತಿಗೆ ಹಿಂದಿನ ಮೂರು ಬೇಸಿಗೆಯೂ ಒಂದೊಂದು ಬಳ್ಳಿಯನ್ನು ಗಮನಿಸಿ, ನೀರು ಕಮ್ಮಿಯಾದರೂ ಸೊರಗದ, ಹುಳಿ ಬಿಟ್ಟುಕೊಡದ ಮೂವತ್ತು ಬಳ್ಳಿ ಆರಿಸಿದರು. ಆರಿಸಿದ್ದಕ್ಕೆ ನೀಲಿ ಪಟ್ಟಿ, ಬೇಡದ ಆ ಅವಳಿ ಜಾತಿಗೆ ಬಿಳಿ ಪಟ್ಟಿ ಕಟ್ಟಿದರು. ಪಟ್ಟಿಗಳು ಅಣ್ಣನ ಅಂಗಡಿಯ ಚೂರುಬಟ್ಟೆ. ಏಕೆಂದರೆ ಕಡ್ಡಿ ಕತ್ತರಿಸುವುದು ಚಳಿಗಾಲದಲ್ಲಿ. ಆಗ ಎಲೆಯೂ ಇರುವುದಿಲ್ಲ, ಹಣ್ಣೂ ಇರುವುದಿಲ್ಲ, ಎಲ್ಲ ಬಳ್ಳಿಯೂ ಒಂದೇ ಥರ ಬೋಳು. ಪಟ್ಟಿಯೊಂದೇ ಗುರುತು.

ನನಗಾಗ ಇಪ್ಪತ್ನಾಲ್ಕು. ಅತ್ತಿಗೆಯೇ ಯಜಮಾನಿಯ ಕೈಕಾಲು ಹಿಡಿದು ಕೊಡಿಸಿದ ಕೆಲಸ, ಪೈಪು ಹಿಡಿದು ನೀರು ಬಿಡುವುದು. ನೀರು ಬಿಡುತ್ತ ನೀಲಿ ಪಟ್ಟಿಯ ಬಳ್ಳಿಯಿಂದ ಒಂದು ಕಾಯಿ ಕಿತ್ತು ತಿಂದೆ. ಥೂ, ಹುಳಿ! ಬಿಳಿ ಪಟ್ಟಿಯದನ್ನು ತಿಂದೆ. ಆಹಾ, ಸಿಹಿ! ಹತ್ತು ಬಳ್ಳಿಯಲ್ಲಿ ನೋಡಿದೆ, ಹಾಗೇ. ಅಯ್ಯೋ ಪಾಪ, ಅತ್ತಿಗೆ ಬಣ್ಣ ತಪ್ಪು ಕಟ್ಟಿದ್ದಾರೆ, ಯಜಮಾನಿಗೆ ಗೊತ್ತಾದರೆ ಬೈಸಿಕೊಳ್ಳುತ್ತಾರೆ, ಯಾರಿಗೂ ಗೊತ್ತಾಗದ ಹಾಗೆ ಸರಿ ಮಾಡಿಬಿಡೋಣ ಎಂದುಕೊಂಡೆ. ಒಂದು ಮಧ್ಯಾಹ್ನ ಕೂತು ಅಷ್ಟೂ ಪಟ್ಟಿ ಬಿಚ್ಚಿ, ನೀಲಿಯದನ್ನು ಬಿಳಿಯದಕ್ಕೆ, ಬಿಳಿಯದನ್ನು ನೀಲಿಯದಕ್ಕೆ ಕಟ್ಟಿದೆ. ಉಪಕಾರ ಮಾಡಿ ಹೇಳಿಕೊಳ್ಳಬಾರದು ಎಂದು ಸುಮ್ಮನೂ ಇದ್ದೆ. ನನ್ನಂಥ ಬುದ್ಧಿವಂತ ಊರಲ್ಲೇ ಇರಲಿಲ್ಲ, ಬಿಡಿ.

ಚಳಿಗಾಲದಲ್ಲಿ ನೀಲಿ ಪಟ್ಟಿಯ ಕಡ್ಡಿಗಳೆಲ್ಲ ಸಸಿಗಳಾದವು. ಮೇಲಿನ ದಿಣ್ಣೆಯಲ್ಲಿ ಹದಿನೆಂಟು ಸಾಲು, ಸಾಲಿಗೆ ನಲವತ್ತರಂತೆ ನೆಟ್ಟರು. ಹಳೆಯ ಬಳ್ಳಿಗಳನ್ನು ಬುಡಸಮೇತ ಕಿತ್ತು ಅಲ್ಲಿ ಹೊಸ ಶೆಡ್ಡು ಕಟ್ಟಿದರು. ಮೂರನೆಯ ವರ್ಷ ಆ ದಿಣ್ಣೆಯ ಮೊದಲ ಫಸಲು ನೆಲಮಾಳಿಗೆಗೆ ಬರುವ ಹೊತ್ತಿಗೆ ನಾನು ಅಲ್ಲಿ ಕೆಲಸ ಕಲಿಯುತ್ತಿದ್ದೆ. ತಿನ್ನುವ ದ್ರಾಕ್ಷಿಗೆ ಸಿಹಿ ಚೆಂದ, ಈ ವೈನಿಗೆ ಹುಳಿಯೇ ಬೆನ್ನುಮೂಳೆ ಎಂದು ಅಷ್ಟರಲ್ಲಿ ತಿಳಿದಿತ್ತು. ಕೆಳಗಿನ ತಾಕಿನ ರಸ ಚುರುಕಾಗಿತ್ತು. ಮೇಲಿನ ದಿಣ್ಣೆಯದು ಸಪ್ಪೆ, ಸಿಹಿ, ಸೋಮಾರಿ. ಲೋಟ ಹಿಡಿದುಕೊಂಡು ನಿಂತಲ್ಲೇ ಬೆವತೆ. "ಮೇಲಿನ ಬಳ್ಳಿಗಳಿಗೆ ಸ್ವಲ್ಪ ಸಂಕೋಚ ಜಾಸ್ತಿ, ಬೇರು ಆಳಕ್ಕೆ ಹೋಗ್ಲಿ, ಸರಿಹೋಗ್ತವೆ" ಎಂದು ಅತ್ತಿಗೆ ಯಜಮಾನಿಗೆ ಹೇಳುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ದಿಣ್ಣೆ ಎಂಬ ಮಾತು ಬಂದರೆ ಸಾಕು, ಎದ್ದು ಹೋಗುತ್ತಿದ್ದೆ.

ಹೇಳಬಹುದಿತ್ತು. ಆದರೆ ಅದೇ ತಿಂಗಳು ನನ್ನ ಮದುವೆ. ಕೆಲಸ ಹೋಯಿತೆಂದರೆ ಹೆಣ್ಣು ಕೊಡುವವರು ಏನನ್ನುತ್ತಾರೆ? ಮದುವೆ ಮುಗಿದ ಮೇಲೆ ಹೇಳೋಣ ಎಂದುಕೊಂಡೆ, ಮಗು ಹುಟ್ಟಲಿ ಎಂದುಕೊಂಡೆ, ಇವತ್ತು ನಾಳೆ ಎಂದು ವರ್ಷಗಳೇ ಸರಿದುಹೋದವು. ಹೆಂಡತಿಗೂ ಹೇಳಲಿಲ್ಲ. ಮೇಲಿನ ದಿಣ್ಣೆಗೆ ಕಾಲಿಡುವುದನ್ನೇ ಬಿಟ್ಟೆ, ಮಂಡಿ ನೋವು ಎಂದು ನೆಪ. ವಿಚಿತ್ರವೆಂದರೆ ಆ ದಿಣ್ಣೆಯ ರಸ ವರ್ಷ ವರ್ಷಕ್ಕೂ ಚುರುಕಾಗುತ್ತ ಬಂತು. ಹುಲ್ಲಿನ ವಾಸನೆ, ನಿಂಬೆ, ಎಲ್ಲ ಒಂದೊಂದಾಗಿ ಬಂದವು. ಅತ್ತಿಗೆ ಹೇಳಿದಂತೆ ಬೇರು ಆಳಕ್ಕೆ ಹೋಗಿರಬೇಕು, ಒಳ್ಳೆಯವರ ಜೊತೆ ಇದ್ದು ಬಳ್ಳಿಯೂ ಒಳ್ಳೆಯದಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈ ಅಡ್ಡಕಸುಬಿ ಬುದ್ಧಿಗೆ ಏನು ಹೇಳೋಣ!

ಭಾನುವಾರಗಳಲ್ಲಿ ಅಣ್ಣನ ಮನೆಯ ಹಿತ್ತಲಿಗೆ ಹೋಗಿ ಕೂರುವುದು ನನ್ನ ರೂಢಿ. ಅಲ್ಲಿ ಗೋಡೆ ಪೂರ್ತಿ ಹಬ್ಬಿ, ಚಪ್ಪರಕ್ಕೆ ಇಳಿದ ಒಂದೇ ಒಂದು ದ್ರಾಕ್ಷಿ ಬಳ್ಳಿ ಇದೆ. ಹಣ್ಣು ಮಾತ್ರ ಬಾಯಿಗಿಡುವ ಹಾಗಿಲ್ಲ. "ಇಷ್ಟು ದೊಡ್ಡ ಬಳ್ಳಿ ಸಾಕ್ಕೊಂಡು ತಿನ್ನೋಕೆ ಒಂದು ಹಣ್ಣಿಲ್ವಲ್ಲ ಅತ್ತಿಗೆ" ಎಂದು ಗೊಣಗಿದರೆ, "ಎಟುಕದ ದ್ರಾಕ್ಷಿ ಹುಳಿ ಅಂತಾರೆ, ನಮ್ಮದು ಎಟುಕಿದ್ರೂ ಹುಳಿ, ಏನ್ಮಾಡೋದು" ಎಂದು ನಗುವರು. ಚಳಿಗಾಲದ ಕೊನೆಗೆ ಮಾತ್ರ ಅತ್ತಿಗೆ ಭಾನುವಾರ ಮನೆಯಲ್ಲಿ ಇರುತ್ತಿರಲಿಲ್ಲ. ಎಲ್ಲಿ ಎಂದರೆ, "ತೋಟಕ್ಕೆ ಹೋಗಿದಾಳೆ, ಬಳ್ಳಿ ಯಾವುದೋ ಸೊರಗಿದೆಯಂತೆ" ಎನ್ನುತ್ತ ಅಣ್ಣ ಊಟದ ಡಬ್ಬಿ ಸೈಕಲ್ಲಿಗೆ ತಗುಲಿಸಿಕೊಂಡು ಹೊರಡುತ್ತಿದ್ದ.

ಈ ಬೇಸಿಗೆ ಅತ್ತಿಗೆಗೆ ಅರವತ್ತು ತುಂಬಿತು. ಕೊಯ್ಲಿಗೆ ಇನ್ನೂ ಮೂರು ವಾರ ಇರುವಾಗ ಊಟದ ಶೆಡ್ಡಿನಲ್ಲಿ ಯಜಮಾನಿ ಎದ್ದು ನಿಂತು ಹೇಳಿದರು: ಈ ಫಸಲಾದ ಮೇಲೆ ಅತ್ತಿಗೆಗೆ ಬಿಡುಗಡೆ. ಮೇಲಿನ ದಿಣ್ಣೆಗೆ ಇನ್ನು ಮುಂದೆ 'ಅತ್ತಿಗೆ ದಿಣ್ಣೆ' ಎಂದೇ ಹೆಸರು, ಬೋರ್ಡು ಬರೆಯಲು ಕೊಟ್ಟಾಗಿದೆ. ಅಷ್ಟೇ ಅಲ್ಲ, ಆ ದಿಣ್ಣೆಯ ಕಡ್ಡಿ ಬೇಕೆಂದು ಸಸಿ ಮಾರುವವರು ಕೇಳಿದ್ದಾರೆ; ಅದು ಅಪ್ಪಟ ತಳಿಯೇ ಎಂದು ಬರೆದುಕೊಡಲು ಗುರುವಾರ ಎಲೆ ಪರೀಕ್ಷೆ ಮಾಡುವವರೊಬ್ಬರು ಬರುತ್ತಾರೆ.

ಎಲ್ಲರೂ ಚಪ್ಪಾಳೆ ಹೊಡೆದರು. "ಬೋರ್ಡು ಗೀರ್ಡು ಎಲ್ಲ ಯಾಕೆ" ಎಂದು ಅತ್ತಿಗೆ ತಟ್ಟೆ ತೊಳೆಯಲು ಎದ್ದುಹೋದರು, ಆದರೆ ಅವರ ಕಿವಿ ಕೆಂಪಾಗಿತ್ತು. ಅವತ್ತೇ ಅಣ್ಣನಿಗೆ ಹೊಸ ಬಟ್ಟೆ ಹೊಲಿಯಲು ಅಳತೆ ಕೊಟ್ಟರಂತೆ. ಮೂವತ್ತೈದು ವರ್ಷ ತಪ್ಪದ ಹೆಬ್ಬೆರಳಿನ ಹೆಂಗಸನ್ನು, ಅವರದೇ ಹೆಸರಿನ ಬೋರ್ಡಿನ ಮುಂದೆ, ಯಾರೋ ಹೊರಗಿನವನು ಬಂದು ಈ ದಿಣ್ಣೆಯಲ್ಲಿ ಒಂದೂ ಸರಿಯಾದ ಬಳ್ಳಿ ಇಲ್ಲ ಎನ್ನುತ್ತಾನೆ. ಎಲ್ಲ ನನ್ನ ಉಪಕಾರ.

ಮಂಗಳವಾರ ಸಂಜೆ ಹೋದೆ. ಅತ್ತಿಗೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದರು.

"ಅತ್ತಿಗೆ, ಆ ಮೇಲಿನ ದಿಣ್ಣೆ..." ಎಂದೆ.

ಅವರು ಬಟಾಣಿ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ನನ್ನ ಮುಖ ನೋಡಿದರು. "ಹೇಳಪ್ಪ" ಎಂದರು. ಅಷ್ಟು ಮೆತ್ತಗೆ ಅವರು ನನ್ನನ್ನು ಯಾವತ್ತೂ ಮಾತಾಡಿಸಿರಲಿಲ್ಲ.

"ಏನಿಲ್ಲ, ಆ ದಾರಿ ಕಿತ್ತುಹೋಗಿದೆ. ಅವರ ಜೀಪು ಹತ್ತುತ್ತೋ ಇಲ್ವೋ ಅಂತ" ಎಂದೆ.

ಅವರು ಬುಟ್ಟಿಯನ್ನು ಮತ್ತೆ ಮಡಿಲಿಗೆಳೆದುಕೊಂಡರು. "ಹತ್ತುತ್ತೆ" ಎಂದರು. ಚಹಾ ಬೇಕಾ ಎಂದು ಕೇಳಲಿಲ್ಲ.

ಬುಧವಾರ ಅಂಗಡಿಯಲ್ಲಿ ಅಣ್ಣನ ಹತ್ತಿರ ಸುತ್ತಿ ಬಳಸಿ ಕೇಳಿದೆ: ಒಬ್ಬ ಮನುಷ್ಯ ಹಿಂದೆ ಯಾವಾಗಲೋ ಒಂದು ತಪ್ಪು ಮಾಡಿದ್ದಾನೆ ಅಂತಿಟ್ಟುಕೋ, ಬೇಕೆಂದೇ ಮಾಡಿದ್ದಲ್ಲ, ಈಗ ಏನು ಮಾಡಬೇಕು? ಅಣ್ಣ ಅತ್ತಿಗೆಯ ಹೊಸ ಬಟ್ಟೆಯ ತೋಳು ಹೊಲಿಯುತ್ತಿದ್ದ. ತಲೆ ಎತ್ತದೆ, ಗುಂಡುಸೂಜಿಗಳ ಸಂದಿಯಿಂದಲೇ, "ಉಪ್ಪು ತಿಂದೋನು ನೀರು ಕುಡೀಲೇಬೇಕು" ಎಂದ. ಇವನಿಗೇನು ಗೊತ್ತು, ಸುಮ್ಮನೆ ಗಾದೆ ಹೇಳುತ್ತಾನೆ ಎಂದು ಬೈದುಕೊಂಡು ಬಂದೆ.

ಗುರುವಾರ ಬೆಳಿಗ್ಗೆ ಜೀಪು ಸಲೀಸಾಗಿ ಹತ್ತಿತು. ಎಲೆ ಪರೀಕ್ಷೆಯವರು ಉದ್ದನೆಯ ಆಸಾಮಿ, ಕೊರಳಲ್ಲಿ ದಾರಕ್ಕೆ ಭೂತಗನ್ನಡಿ, ಕೈಯಲ್ಲಿ ರಟ್ಟು. ಮಾತಿಗಿಂತ 'ಹೂಂ' ಜಾಸ್ತಿ. ಯಜಮಾನಿ, ಹೊಸ ಬಟ್ಟೆಯ ಅತ್ತಿಗೆ, ಡಬ್ಬಿ ತಂದು ಅಲ್ಲೇ ಉಳಿದ ಅಣ್ಣ, ಹಿಂದೆ ನಾನು. ಎಷ್ಟೋ ವರ್ಷದ ಮೇಲೆ ಆ ದಿಣ್ಣೆ ಮೆಟ್ಟಿದ್ದೆ.

ಮೊದಲನೆಯ ಸಾಲು. ಎಲೆ ಕಿತ್ತರು, ಮಗುಚಿ ನೋಡಿದರು, ಗೊಂಚಲು ಎತ್ತಿ ಹಿಡಿದರು, ಒಂದು ಕಾಯಿ ಕಚ್ಚಿ ಮುಖ ಹಿಂಡಿದರು. "ಹೂಂ. ಸೊವಿನ್ಯೋನೇ." ರಟ್ಟಿನ ಮೇಲೆ ಗುರುತು ಹಾಕಿದರು.

ನನಗೆ ಕಿವಿ ನಂಬಲಾಗಲಿಲ್ಲ. ಎರಡನೆಯ ಸಾಲು, "ಹೂಂ, ಅದೇ." ಮೂರು, ನಾಲ್ಕು, ಐದು. ಒಂದು ಬಳ್ಳಿಯ ಬುಡದಲ್ಲಿ ಕೂತು, ಮಂಡಿಯೆತ್ತರದಲ್ಲಿದ್ದ ಗಂಟಿನಂಥ ಗಾಯದ ಕಲೆಯನ್ನು ಬೆರಳಿಂದ ತಟ್ಟಿ, "ಇಲ್ಲಿ ಮರುಕಸಿ ಆಗಿದೆಯಲ್ಲ?" ಎಂದರು. "ಬಳ್ಳಿ ಸೊರಗಿತ್ತು" ಎಂದರು ಅತ್ತಿಗೆ. ಹತ್ತನೆಯ ಸಾಲಿನಲ್ಲಿ ಆ ಪರೀಕ್ಷೆಯವರಿಗೆ ಮಾತೇ ಬಂತು: "ಚೆನ್ನಾಗಿದೆ ಕಣ್ರೀ. ಎಲ್ಲಾ ಒಂದೇ ತಾಯಿ ಮಕ್ಕಳ ಹಾಗಿವೆ." ಯಜಮಾನಿಯ ಮುಖ ಅರಳಿತು. ನನಗಂತೂ ತಲೆ ತಿರುಗಿತು. ಹಾಗಾದರೆ ನಾನು ಪಟ್ಟಿ ಅದಲುಬದಲು ಮಾಡಿದ್ದು ಕನಸಾ? ಅತ್ತಿಗೆಯೇ ಮೊದಲು ತಪ್ಪು ಕಟ್ಟಿದ್ದು, ನಾನು ಸರಿಯಾಗೇ ತಿದ್ದಿದೆನಾ? ಹದಿನೇಳನೆಯ ಸಾಲು ಮುಗಿಯುವ ಹೊತ್ತಿಗೆ ನಾನು ಸೀಟಿ ಹೊಡೆಯುವುದೊಂದು ಬಾಕಿ. ಬಚಾವಾದೆ, ಇನ್ನು ಸಾಯುವ ತನಕ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಹದಿನೆಂಟನೆಯ ಸಾಲಿನ ಮುಂದೆ ಆ ಮನುಷ್ಯ ನಿಂತರು. ಭೂತಗನ್ನಡಿ ತೆಗೆದರು. ಒಂದು ಕಾಯಿ ಕಚ್ಚಿದರು, ಮುಖ ಹಿಂಡಲಿಲ್ಲ.

"ಇದಲ್ಲ" ಎಂದರು.

"ಅಲ್ಲ ಅಂದ್ರೆ?" ಎಂದರು ಯಜಮಾನಿ.

"ಬೇರೆ ಜಾತಿ. ನೋಡೋಕೆ ಅವಳಿ. ಎಲೆ ಅಂಚು ಚಪ್ಪಟೆ ನೋಡಿ, ನಿರಿಗೆ ಇಲ್ಲ. ಹುಳಿ ಬೇಗ ಬಿಟ್ಟುಬಿಡುತ್ತೆ. ಈ ಸಾಲು ಪೂರ್ತಿ ಹಾಗೇ ಇದೆ."

ಯಜಮಾನಿ ತಿರುಗಿದರು. "ಅತ್ತಿಗೆ, ಇದು ಹೇಗಾಯ್ತು? ನಿಮ್ಮ ಕೈಯಲ್ಲಿ?"

ಯಾವ ಮಾತಿಗೂ ಉತ್ತರ ಬಾಕಿ ಇಡದ ಅತ್ತಿಗೆ ಕನ್ನಡಕ ತೆಗೆದು ಹೊಸ ಬಟ್ಟೆಯ ಅಂಚಿನಿಂದ ಒರೆಸುತ್ತಿದ್ದರು. ನನ್ನ ಕಡೆ ನೋಡಲೇ ಇಲ್ಲ. ನಾನೂ ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನಲವತ್ತು ಬಳ್ಳಿ, ಏಳುನೂರಿಪ್ಪತ್ತರಲ್ಲಿ ಅದೇನು ಮಹಾ. ಅತ್ತಿಗೆ ಏನೋ ತಪ್ಪಾಗಿರಬೇಕು ಎನ್ನುತ್ತಿದ್ದರು, ಯಜಮಾನಿ ಹೋಗಲಿ ಬಿಡಿ ಎನ್ನುತ್ತಿದ್ದರು, ಬೋರ್ಡೂ ಬರುತ್ತಿತ್ತು. ಆದರೆ ಆ ಕನ್ನಡಕ ಒರೆಸುವ ಕೈಯನ್ನು ನೋಡಲು ನನ್ನಿಂದ ಆಗಲಿಲ್ಲ.

"ಅವರದ್ದಲ್ಲ, ನನ್ನ ತಪ್ಪು" ಎಂದೆ.

ಒಮ್ಮೆ ಬಾಯಿಬಿಟ್ಟ ಮೇಲೆ ತಡೆಯಲಾಗಲಿಲ್ಲ. ನೀಲಿ ಪಟ್ಟಿ, ಬಿಳಿ ಪಟ್ಟಿ, ಹುಳಿ, ಸಿಹಿ, ಮದುವೆ, ಮಂಡಿ ನೋವಿನ ನೆಪ, ಎಲ್ಲ ಹೇಳಿದೆ. ಕಣ್ಣಲ್ಲಿ ನೀರು ಬಂತು, ಮೂಗಲ್ಲೂ ಬಂತು. ಬೆಳೆದ ಗಂಡಸು ಹಾಗೆ ನಿಂತು ಅತ್ತಿದ್ದನ್ನು ಆ ಎಲೆ ಪರೀಕ್ಷೆಯವರು ಭೂತಗನ್ನಡಿಯಿಲ್ಲದೆಯೇ ನೋಡಿದರು. "ಆದ್ರೆ ಮಿಕ್ಕ ಹದಿನೇಳು ಸಾಲು ಹೇಗೆ ಸರಿಯಾಯ್ತೋ ನಂಗೊತ್ತಿಲ್ಲ" ಎಂದು ಮುಗಿಸಿದೆ.

ಅತ್ತಿಗೆ ಕನ್ನಡಕ ಹಾಕಿಕೊಂಡರು. ಎಲಾಸ್ಟಿಕ್ಕು ಸರಿಮಾಡಿಕೊಂಡರು. "ಅಬ್ಬಾ" ಎಂದರು. "ಇಪ್ಪತ್ತು ವರ್ಷ ಬೇಕಾಯ್ತಾ ಸಕ್ಕರೆ?"

ಆಗ ಹೊಳೆಯಿತು ನನಗೆ. ಕಣ್ಣು ಕಟ್ಟಿದರೂ ಎಲೆ ಗುರುತಿಸುವ ಹೆಂಗಸಿಗೆ, ಕಣ್ಣು ಬಿಟ್ಟುಕೊಂಡು ಹದಿನೆಂಟು ಸಾಲು ಗೊತ್ತಾಗದೇ ಇರುತ್ತದೆಯೇ? ನನ್ನ ಗುಟ್ಟು ಕಾಯುವ ಗಡಿಬಿಡಿಯಲ್ಲಿ ಇಷ್ಟು ಸಣ್ಣ ವಿಷಯ ನನ್ನ ಮಂದ ತಲೆಗೆ ಹತ್ತಿರಲಿಲ್ಲ.

ಗೊತ್ತಿತ್ತಂತೆ. ಎರಡನೆಯ ವರ್ಷ ಎಲೆ ಬಲಿತ ದಿನವೇ. ಮನೆಗೆ ಹೋಗಿ, ಕಡ್ಡಿ ಕತ್ತರಿಸುವಾಗ ಗಂಟು ಬಿಚ್ಚದೆ ಹಾಗೇ ಡಬ್ಬಿಯಲ್ಲಿ ಎತ್ತಿಟ್ಟಿದ್ದ ಪಟ್ಟಿಗಳನ್ನು ನೋಡಿದರಂತೆ. "ನಾನು ಕಟ್ಟೋದು ಬಿಗಿಯಾಗಿ ಎರಡು ಗಂಟು. ಅವೆಲ್ಲ ಬೂಟಿನ ಲೇಸಿನ ಹಾಗೆ ಹೂಗಂಟು. ನಮ್ಮನೇಲಿ ಹಾಗೆ ಕಟ್ಟೋನು ಒಬ್ಬನೇ. ಯಾಕೆ ಬದಲಾಯಿಸಿದೆ ಅಂತ ಯೋಚನೆ ಮಾಡಿದೆ, ಸಿಹಿ ನೋಡ್ಕೊಂಡು ಅಂತ ಗೊತ್ತಾಯ್ತು. ಅವತ್ತಿಂದ ನೀನು ಸಕ್ಕರೆ."

ಹಳೆಯ ಬಳ್ಳಿಗಳು ಶೆಡ್ಡಿನ ಅಡಿಗೆ ಹೋಗಿಬಿಟ್ಟಿದ್ದವು. ಆದರೆ ಪಟ್ಟಿ ಕಟ್ಟುವುದಕ್ಕೆ ಒಂದು ವರ್ಷ ಮೊದಲೇ ಅತ್ತಿಗೆ ತಮಗೆ ತೀರ ಹಿಡಿಸಿದ ಒಂದು ಬಳ್ಳಿಯ ಕಡ್ಡಿಯನ್ನು ಮನೆಗೆ ತಂದು ಹಿತ್ತಲ ಗೋಡೆಯ ಬುಡದಲ್ಲಿ ನೆಟ್ಟಿದ್ದರು. ತಿನ್ನೋಕೆ ಒಂದು ಹಣ್ಣಿಲ್ಲ ಎಂದು ನಾನು ಗೊಣಗುತ್ತಿದ್ದ ಅದೇ ಹುಳಿ ಬಳ್ಳಿ. ಪ್ರತಿ ಚಳಿಗಾಲ ಅದರಿಂದ ಎಂಬತ್ತು ಕಡ್ಡಿ ಕತ್ತರಿಸಿ ಫ್ರಿಜ್ಜಿನಲ್ಲಿ ಮಲಗಿಸುವುದು. ಚಳಿ ಕಳೆದು ಬಳ್ಳಿಯಲ್ಲಿ ನೀರಾಡತೊಡಗಿದಾಗ, ಒಂದು ಸಾಲಿನ ನಲವತ್ತು ಬಳ್ಳಿಯನ್ನು ಮಂಡಿಯೆತ್ತರಕ್ಕೆ ಕೊಯ್ದು, ಕಾಂಡವನ್ನು ಉಳಿಯಿಂದ ಸೀಳಿ, ಎರಡೆರಡು ಕಡ್ಡಿ ಕೂರಿಸಿ, ಸುತ್ತಿ, ಮೇಣ ಹಚ್ಚುವುದು. ಕೆಲಸದ ಹೊತ್ತಿನಲ್ಲಲ್ಲ, ತಮ್ಮ ರಜೆಯ ಭಾನುವಾರಗಳಲ್ಲಿ. ವರ್ಷಕ್ಕೆ ಒಂದು ಸಾಲು, ಹದಿನೇಳು ವರ್ಷ.

"ಅಂದ್ರೆ ಪ್ರತಿ ವರ್ಷ ನಂಗೆ ಒಂದು ಸಾಲಿನ ಫಸಲು ಕೈಬಿಟ್ಟಿದ್ದು ಇದಕ್ಕಾ?" ಎಂದರು ಯಜಮಾನಿ.

"ಹೌದು. ಬೈಯೋದಾದ್ರೆ ನಂಗೇ ಬೈರಿ" ಎಂದರು ಅತ್ತಿಗೆ.

ಯಜಮಾನಿ ಹಣ್ಣಿನ ಕ್ರೇಟನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟರು. ಬೈಯುತ್ತಾರೆ ಎಂದುಕೊಂಡೆ, ನಕ್ಕರು. ಕಣ್ಣೊರೆಸಿಕೊಳ್ಳುವಷ್ಟು ನಕ್ಕು, "ನಿನ್ನಣ್ಣಂಗೂ ಗೊತ್ತಿತ್ತಾ?" ಎಂದು ನನ್ನನ್ನು ಕೇಳಿದರು. ಅಣ್ಣ ಆಕಾಶ ನೋಡುತ್ತಿದ್ದ. "ಹದಿನೇಳು ವರ್ಷ ಡಬ್ಬಿ ಹೊತ್ತಿದೀನಮ್ಮ" ಎಂದ. ಎಲೆ ಪರೀಕ್ಷೆಯವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಒಂದು ಇಡೀ ದೇಶದಲ್ಲೇ ಈ ಅವಳಿಯನ್ನೇ ಸೊವಿನ್ಯೋ ಅಂತ ಎಷ್ಟೋ ವರ್ಷ ಬೆಳೆದಿದ್ದರು ರೀ, ನಿಮ್ಮದೇನು" ಎಂದರು. ಅವರು ಆಡಿದ ಉದ್ದದ ಮಾತು ಅದೊಂದೇ. ಹದಿನೇಳು ಸಾಲಿಗೆ ಬರೆದುಕೊಟ್ಟು ಹೋದರು.

ಸಂಜೆ ಹಿತ್ತಲಿನಲ್ಲಿ ಆ ಬಳ್ಳಿಯ ಕೆಳಗೆ ಕೂತಿದ್ದೆವು. ಅಣ್ಣ ಒಳಗೆ ಚಹಾ ಮಾಡುತ್ತಿದ್ದ.

"ಒಂದು ಸಾಲು ಯಾಕೆ ಬಿಟ್ರಿ ಅತ್ತಿಗೆ? ಯಾವುದಾದ್ರೂ ಒಂದು ವರ್ಷ ಎರಡು ಸಾಲು ಕಟ್ಟಿ ಮುಗಿಸಬಹುದಿತ್ತಲ್ಲ."

"ನೀನು ಬಾಯಿಬಿಡೋ ದಿನ ತೋರಿಸೋಕೆ ಏನಾದ್ರೂ ಬೇಕಲ್ಲ. ಎಲ್ಲಾ ಸರಿಮಾಡಿಟ್ರೆ, ನೀನು ಹೇಳಿದ್ದು ನಿಜಾನೋ ಸುಳ್ಳೋ ನಿಂಗೇ ಗೊತ್ತಾಗ್ತಿರಲಿಲ್ಲ."

"ಒಂದು ಮಾತು ಕೇಳಿದ್ರೆ ಆವತ್ತೇ ಹೇಳ್ತಿದ್ದೆ."

"ಕೇಳಿ ಹೇಳಿಸ್ಕೊಂಡ್ರೆ ಅದು ಹೇಳಿದ ಹಾಗಾ?" ಎಂದು ಅವರು ಬಿದ್ದ ಎಲೆಯೊಂದನ್ನು ಎತ್ತಿ ಅಂಚು ಸವರುತ್ತ ಕೂತರು. "ಪ್ರತಿ ವರ್ಷ ಅಂದ್ಕೊಳ್ತಿದ್ದೆ, ಈ ವರ್ಷ ಹೇಳ್ತಾನೆ. ಮೊನ್ನೆ ಮಂಗಳವಾರ ಬಂದೆಯಲ್ಲ, ಬಟಾಣಿ ಪಕ್ಕಕ್ಕಿಟ್ಟೆ. ನೀನು ಜೀಪು ಅಂದೆ. ಬಳ್ಳಿ ತಪ್ಪಾಗಿದ್ದಕ್ಕೆ ನಾನು ಯಾವತ್ತೂ ಅತ್ತಿಲ್ಲ ಕಣೋ. ಅವತ್ತು ಅತ್ತೆ."

ತಪ್ಪಾಯಿತು ಎಂದೆ. ಅವರು ಹೂಂ ಎಂದರು.

"ಇವತ್ತೂ ಹೇಳದೇ ಇದ್ದಿದ್ರೆ?"

"ಬರೋ ಸಲ ಆ ಸಾಲನ್ನೂ ಕಟ್ಟಿ ಮುಗಿಸಿ ಮನೇಲಿ ಕೂರ್ತಿದ್ದೆ. ಆಮೇಲೆ ನಿನ್ನಿಂದ ಕಾಯೋಕೆ ನಂಗೇನೂ ಉಳೀತಿರಲಿಲ್ಲ." ಎದ್ದು ಬಟ್ಟೆ ಕೊಡವಿಕೊಂಡರು. ಏಪ್ರನ್ನಿನ ಜೇಬಿನಿಂದ ದಾರ ಬಿಚ್ಚಿ ಕಸಿ ಚಾಕುವನ್ನು ನನ್ನ ತೊಡೆಯ ಮೇಲೆ ಹಾಕಿದರು. "ಈಗ ಅದು ನಿನ್ನ ಸಾಲು. ನೀನೇ ಕಟ್ಟು."

ಚಳಿಗಾಲ ಬಂತು. ಹಿತ್ತಲ ಬಳ್ಳಿಯಿಂದ ಎಂಬತ್ತು ಕಡ್ಡಿ ನಾನೇ ಕತ್ತರಿಸಿದೆ. ಅತ್ತಿಗೆ ಸ್ಟೂಲಿನ ಮೇಲೆ ಕೂತು, ಅದಲ್ಲ ಇದು, ಇನ್ನೂ ಕೆಳಗೆ, ಕೈಯೇನು ಮರದ್ದಾ ಎಂದು ಬೈಯುತ್ತಲೇ ಇದ್ದರು. ಕಟ್ಟು ಈಗ ನಮ್ಮ ಮನೆಯ ಫ್ರಿಜ್ಜಿನಲ್ಲಿದೆ. ನನ್ನ ಹೆಂಡತಿ ಟೊಮೆಟೊಗಳನ್ನು ಕಿಟಕಿ ಕಟ್ಟೆಯ ಮೇಲೆ ಜೋಡಿಸುತ್ತ, "ಏನ್ರೀ ಇದು ಸೌದೆ?" ಎಂದು ಕೇಳಿದಳು. ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ನೀಲಿ ಪಟ್ಟಿಯಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ.